ಎತ್ತು ನಮ್ಮದು, ಲೆಕ್ಕ ಅವರದು

ನ್ಯಾಟೋ ಸೇರಿದ ಮೇಲೆ ಸ್ವೀಡನ್‌ನ ವಿಮಾನ ಕಾರ್ಖಾನೆಗೆ ಲಾಭವೋ ನಷ್ಟವೋ? ನಮ್ಮ ಆಫೀಸಿನ ಕ್ಯಾಂಟೀನಲ್ಲಿ ಇಂಥ ಪ್ರಶ್ನೆಗಳಿಗೆ ಬರವಿಲ್ಲ. ಫಿನ್‌ಲ್ಯಾಂಡ್ 2023ರ ಏಪ್ರಿಲ್‌ನಲ್ಲಿ ಸೇರಿತು, ಸ್ವೀಡನ್ 2024ರ ಮಾರ್ಚ್‌ನಲ್ಲಿ. ಆಮೇಲೆ ಯೂಟ್ಯೂಬ್ ನೋಡಿದವರೆಲ್ಲ ರಕ್ಷಣಾ ತಜ್ಞರಾಗಿಬಿಟ್ಟಿದ್ದಾರೆ. ಒಬ್ಬರು "ಮಾರುಕಟ್ಟೆ ದೊಡ್ಡದಾಯ್ತಲ್ಲ, ಲಾಭವೇ" ಅಂತಾರೆ. ಇನ್ನೊಬ್ಬರು "ದೊಡ್ಡಣ್ಣ ಹೇಳಿದ್ದನ್ನೇ ಕೊಳ್ಳಬೇಕು, ಇನ್ನೆಲ್ಲಿ ಸ್ವಂತದ್ದು" ಅಂತಾರೆ. ಅಷ್ಟರಲ್ಲಿ ಮೊಸರನ್ನ ಮುಗಿದಿರುತ್ತೆ, ಸ್ಟ್ಯಾಂಡಪ್ ಮೀಟಿಂಗಿಗೆ ಕರೆ ಬಂದಿರುತ್ತೆ.

ನಾನು ಕಡೂರಿನ ಕಡೆಯವನು. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗೋದು ಸ್ವೀಡನ್ ಅಲ್ಲ, ನಮ್ಮ ಪಕ್ಕದ ಅಜ್ಜಂಪುರ. ಬೀರೂರು ಜಂಕ್ಷನ್‌ನಿಂದ ಹುಬ್ಬಳ್ಳಿ ಕಡೆಗೆ ಹೋಗೋ ರೈಲಿನಲ್ಲಿ ಕೂತಿದ್ದರೆ ಅಜ್ಜಂಪುರ ಬರುತ್ತೆ. ಅಲ್ಲಿ ಸರ್ಕಾರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಬೂದು ಬಣ್ಣ, ಹಿಂದಕ್ಕೆ ಬಾಗಿ ಮತ್ತೆ ಮೇಲಕ್ಕೆ ಚೂಪಾದ ಉದ್ದ ಕೊಂಬು, ಸಣಕಲು ಕಾಲು, ಅಪರಿಚಿತರನ್ನು ಕಂಡರೆ ಕಿವಿ ನೆಟ್ಟಗೆ ಮಾಡಿ ನಿಲ್ಲೋ ದನಗಳು. ಶಾಲೆಯಿಂದ ಪಿಕ್‌ನಿಕ್ ಹೋದವರಿಗೆ ಅದು "ದನದ ಫಾರ್ಮು". ಆದರೆ ಒಂದು ಚಿಕ್ಕ ರಾಜ್ಯ ದೊಡ್ಡ ಶಕ್ತಿಯೊಂದರ ಜೊತೆ ಸೇನಾ ಒಪ್ಪಂದ ಮಾಡಿಕೊಂಡ ಮೇಲೆ ಅದರ ಯುದ್ಧೋದ್ಯಮಕ್ಕೆ ಏನಾಗುತ್ತೆ ಅನ್ನೋದಕ್ಕೆ ನನಗೆ ಗೊತ್ತಿರುವ ಅತಿ ಉದ್ದದ ದಾಖಲೆ ಈ ದನಗಳದ್ದೇ. ಯಾಕಂದ್ರೆ ಮೈಸೂರು ಅಂಥದ್ದೊಂದು ರಾಜ್ಯವಾಗಿತ್ತು. 1799ರಿಂದ 1947ರವರೆಗೆ, 148 ವರ್ಷ.

ಮೊದಲು ಎತ್ತಿನ ವಿಷಯ. ಹದಿನೆಂಟನೇ ಶತಮಾನದಲ್ಲಿ ತೋಪು ಎಷ್ಟು ಚೆನ್ನಾಗಿದೆ ಅನ್ನೋದಕ್ಕಿಂತ ಅದು ಸಂಜೆಯೊಳಗೆ ಎಲ್ಲಿಗೆ ತಲುಪುತ್ತೆ ಅನ್ನೋದೇ ಮುಖ್ಯ. ತೋಪು, ಮದ್ದು, ಗುಂಡು, ಅಕ್ಕಿ, ಡೇರೆ ಎಲ್ಲವನ್ನೂ ಎಳೆಯೋದು ಎತ್ತು. ಇವತ್ತಿನ ಭಾಷೆಯಲ್ಲಿ ಸೇನೆಯ ಟ್ರಕ್ಕೂ ಅದೇ, ಇಂಧನವೂ ಅದೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು 'ಬೆಣ್ಣೆ ಚಾವಡಿ' ಅಂತ ಒಂದು ಇಲಾಖೆ ಇತ್ತು. ಹೆಸರು ಬೆಣ್ಣೆಯದ್ದಾದರೂ ಅದೇ ದನಗಳ ಹೋರಿಗಳು ದಂಡಿನ ಕೆಲಸಕ್ಕೆ ಹೋಗುತ್ತಿದ್ದವು. ಹೈದರಾಲಿ ಅದನ್ನು ದೊಡ್ಡ ಮಟ್ಟಕ್ಕೆ ಬೆಳೆಸಿದ. ಅವನ ಬಳಿ 60,000 ಎತ್ತುಗಳಿದ್ದವು ಅಂತ ಹೇಳ್ತಾರೆ. ಟಿಪ್ಪು ಅದಕ್ಕೆ 'ಅಮೃತಮಹಲ್' ಅಂತ ಹೆಸರಿಟ್ಟು, ದನಗಳನ್ನು ಹೇಗೆ ಸಾಕಬೇಕು, ಹೇಗೆ ಪಳಗಿಸಬೇಕು ಅಂತ ಹುಕುಂನಾಮೆ ಹೊರಡಿಸಿದ.

1781ರಲ್ಲಿ ಹೈದರ್ ಚಿದಂಬರಂ ರಕ್ಷಣೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ನಡೆಸಿದ್ದು ಈ ಎತ್ತುಗಳ ಬಲದಿಂದ ಅಂತ ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಸೋತಾಗಲೂ ಶತ್ರುವಿನ ಕಣ್ಣೆದುರಿಗೇ ತೋಪುಗಳನ್ನು ಎಳೆದುಕೊಂಡು ಹೋಗಿಬಿಡುತ್ತಿದ್ದ ಅನ್ನೋದು ಅವರಿಗೆ ತುಂಬಾ ಕಾಡಿದ ವಿಷಯ. ತೋಪು ಕೈಗೆ ಸಿಗದಿದ್ದರೆ ಗೆದ್ದರೂ ಗೆದ್ದ ಹಾಗಲ್ಲವಲ್ಲ.

ಇದರ ಹಿಂದೆ ಒಂದು ಇಡೀ ವ್ಯವಸ್ಥೆ ಇತ್ತು. ಇನ್ನೂರಕ್ಕೂ ಹೆಚ್ಚು ಕಾವಲುಗಳು, ಅಂದ್ರೆ ಮೀಸಲು ಹುಲ್ಲುಗಾವಲುಗಳು. ಬೇಸಿಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದಿಂದ ಹಿಡಿದು ಚಿತ್ರದುರ್ಗ, ತುಮಕೂರು, ಹಾಸನದ ತನಕ ಹರಡಿದ್ದವು. ಆ ಋತುಚಕ್ರವನ್ನು ನಡೆಸುತ್ತಿದ್ದವರು ಕೋಲು ಹಿಡಿದ ದನಗಾಹಿಗಳು. ಅವರಲ್ಲಿ ಯಾರ ಹೆಸರೂ ಚರಿತ್ರೆಯ ಪುಸ್ತಕದಲ್ಲಿಲ್ಲ.

ಟಿಪ್ಪುವಿನ ಕಾಲದಲ್ಲಿ ಮೈಸೂರು ಹುಡುಕಿದ ಮಿತ್ರ ಫ್ರಾನ್ಸ್. ಅದು ದೂರದ ಮಿತ್ರ. 1788ರಲ್ಲಿ ಅವನ ರಾಯಭಾರಿಗಳು ಹದಿನಾರನೇ ಲೂಯಿಯ ಮುಂದೆ ನಿಂತು ಸೈನ್ಯ ಕೇಳಿದರು. ಸೈನ್ಯ ಸಿಗಲಿಲ್ಲ, ಕುಶಲಕರ್ಮಿಗಳು ಸಿಕ್ಕರು. ನನಗೆ ಇದು ಬಹಳ ಕುತೂಹಲದ ಸಂಗತಿ ಅನಿಸುತ್ತೆ. ಮಿತ್ರ ದೂರ ಇದ್ದ, ಹಡಗು ತುಂಬಾ ದಂಡು ಕಳಿಸಲಾರದವನಾಗಿದ್ದ. ಹಾಗಾಗಿ ಶ್ರೀರಂಗಪಟ್ಟಣದಲ್ಲಿ ಬಂದೂಕು, ತೋಪು ಎಲ್ಲವನ್ನೂ ನಾವೇ ಮಾಡಿಕೊಳ್ಳಬೇಕಾಯಿತು. ಕಬ್ಬಿಣದ ಕೊಳವೆಯ ರಾಕೆಟ್ಟಂತೂ ಯುರೋಪಿನವರಿಗೇ ಹೊಸದು. ಇಲ್ಲಿ ಸಿಕ್ಕ ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಒಯ್ದು ನೋಡಿಯೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ತೆಗೆದ ಸುದ್ದಿ ನಿಮಗೂ ನೆನಪಿರಬಹುದು. ತರೀಕೆರೆಯಿಂದ ಶಿವಮೊಗ್ಗ ದಾಟಿ ಮಲೆನಾಡಿಗೆ ಹೋದರೆ ಆ ನಗರ ಸಿಗುತ್ತೆ. ಎರಡು ಶತಮಾನಕ್ಕೂ ಹೆಚ್ಚು ಕಾಲ ಅವು ಕೆಸರಿನಲ್ಲಿ ಕೂತಿದ್ದವು.

1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಜುಲೈನಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕಂಪನಿಯ ಜೊತೆ ಸಹಾಯಕ ಸೈನ್ಯದ ಒಪ್ಪಂದ ಆಯಿತು. ಅದನ್ನು ಇವತ್ತಿನ ಕಣ್ಣಲ್ಲಿ ಓದಿದರೆ ಎಂಟರ್‌ಪ್ರೈಸ್ ಕಾಂಟ್ರ್ಯಾಕ್ಟ್ ಓದಿದ ಹಾಗಿರುತ್ತೆ. ಮೈಸೂರಿನ ರಕ್ಷಣೆ ಕಂಪನಿಯದ್ದು. ಅದಕ್ಕೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ರೂಪಾಯಿಯಲ್ಲಿ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ, ಮೈಸೂರು ಕಟ್ಟಬೇಕು. ಬೇರೆ ರಾಜ್ಯಗಳ ಜೊತೆ ಕಂಪನಿಗೆ ತಿಳಿಸದೆ ಪತ್ರ ವ್ಯವಹಾರ ಮಾಡುವಂತಿಲ್ಲ. ಯುರೋಪಿಯನ್ನರನ್ನು ಕಂಪನಿ ಒಪ್ಪದೆ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಈ ಕೊನೆಯ ಷರತ್ತು ಮೇಲ್ನೋಟಕ್ಕೆ ಸಣ್ಣದು. ಆದರೆ ಆ ಕಾಲದಲ್ಲಿ ಹೊಸ ತಂತ್ರಜ್ಞಾನ ಊರಿಂದೂರಿಗೆ ಹೋಗುತ್ತಿದ್ದುದು ಮನುಷ್ಯರ ಜೊತೆಗೇ. ಫ್ರೆಂಚ್ ಕೆಲಸಗಾರ ಬರೋದು ನಿಂತರೆ ವಿದ್ಯೆ ಬರೋದೂ ನಿಂತ ಹಾಗೆ.

ಶ್ರೀರಂಗಪಟ್ಟಣ ಕಂಪನಿಯ ವಶದಲ್ಲೇ ಉಳಿಯಿತು. ಅಲ್ಲಿ ತೋಪಿನ ಗಾಡಿ ಮಾಡುವ ಕಾರ್ಖಾನೆ ಮುಂದುವರಿಯಿತು, ಆದರೆ ಕಂಪನಿಯ ಸೈನ್ಯಕ್ಕಾಗಿ. ಕುಶಲತೆ ಅದೇ ಊರಿನದ್ದು, ಮರ ಅದೇ ಕಾಡಿನದ್ದು, ಗಿರಾಕಿ ಮಾತ್ರ ಬೇರೆ.

ಅಮೃತಮಹಲ್ ದನಗಳಿಗೆ ಏನಾಯಿತು ಅನ್ನೋದು ಇನ್ನೂ ಸ್ವಾರಸ್ಯ. ಅವುಗಳನ್ನು ಮೈಸೂರು ಸರ್ಕಾರಕ್ಕೆ ಒಪ್ಪಿಸಿದರು. ಸಾಕೋದು ಮೈಸೂರು, ದಂಡಿಗೆ ಎತ್ತು ಬೇಕಾದಾಗ ತಗೊಳ್ಳೋದು ಕಂಪನಿ. ಕೆಲವೇ ವರ್ಷದಲ್ಲಿ ತಳಿ ಕೆಟ್ಟಿತು, ಸಂಖ್ಯೆ ಇಳಿಯಿತು. 1813ರಲ್ಲಿ ಕಂಪನಿ ಮತ್ತೆ ಅದನ್ನು ಕಿತ್ತುಕೊಂಡು ಕ್ಯಾಪ್ಟನ್ ಹಾರ್ವಿ ಅನ್ನುವ ಅಧಿಕಾರಿಯ ಕೈಗೆ ಕೊಟ್ಟಿತು. ಬ್ರಿಟಿಷರ ದಾಖಲೆಗಳು ಇದನ್ನು ಮೈಸೂರಿನ ಅಧಿಕಾರಿಗಳ ಬೇಜವಾಬ್ದಾರಿ ಅನ್ನುತ್ತವೆ. ಬೇಜವಾಬ್ದಾರಿ ಇದ್ದೀತು, ಇಲ್ಲವೆನ್ನಲ್ಲ. ಆದರೆ ನನ್ನ ಓದು ಬೇರೆ. ಎಳೆಯಲು ಸ್ವಂತ ತೋಪೇ ಇಲ್ಲದ ರಾಜ್ಯ ತೋಪಿನ ಎತ್ತನ್ನು ಯಾಕೆ ಕಣ್ಣಲ್ಲಿ ಕಣ್ಣಿಟ್ಟು ಸಾಕುತ್ತೆ? ನೀವು ಬರೆದ ಕೋಡನ್ನು ನೀವೇ ಬಳಸದೆ ಇನ್ಯಾವುದೋ ತಂಡಕ್ಕೆ ಮೆಂಟೇನ್ ಮಾಡಿ ಕೊಡಿ ಅಂದರೆ ಎರಡನೇ ವರ್ಷಕ್ಕೆ ಅದರ ಗತಿ ಏನಾಗಿರುತ್ತೆ ಅಂತ ಐಟಿಯಲ್ಲಿರುವವರಿಗೆ ವಿವರಿಸಬೇಕಿಲ್ಲ.

ಕಂಪನಿಯ ಕೈಗೆ ಹೋದ ಮೇಲೆ ತಳಿ ಚೇತರಿಸಿಕೊಂಡಿತು. ಅದೂ ನಿಜ. ಹುಣಸೂರು ಕೇಂದ್ರವಾಯಿತು. ಅಲ್ಲಿ ಮದರಾಸು ಸೈನ್ಯದ ಕಮಿಷರಿಯೇಟ್ ವಿಭಾಗ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ, ಗಾಡಿ ಕೆಲಸ ಎಲ್ಲವನ್ನೂ ನಡೆಸಿತು. ಊರಿನ ಜನಕ್ಕೆ ಕೆಲಸ ಸಿಕ್ಕಿತು. ಇದಕ್ಕೂ ಮುಂಚೆಯೇ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲೆ ಮಾಡಿದ ವೇಗದ ದಂಡಯಾತ್ರೆಗಳಲ್ಲಿ ಈ ಎತ್ತುಗಳನ್ನು ನೆಚ್ಚಿಕೊಂಡಿದ್ದ. ಮುಂದೆ ಸ್ಪೇನಿನಲ್ಲಿ ಫ್ರೆಂಚರ ವಿರುದ್ಧ ಕಾದಾಡುವಾಗ ಮೈಸೂರಿನ ಎತ್ತು ಇದ್ದಿದ್ದರೆ ಅಂತ ಹಲುಬಿದ್ದನಂತೆ. ಮೈಸೂರು ಗೆಜೆಟಿಯರಿನಲ್ಲಿ ಈ ಮಾತಿದೆ. ನೆಪೋಲಿಯನ್ನನ ದಂಡನ್ನು ಅಟ್ಟಲು ಅಜ್ಜಂಪುರದ ಕಡೆಯ ಹೋರಿ ಬೇಕಾಗಿತ್ತು ಅಂತ ನಮ್ಮೂರಿನವರು ಬೆನ್ನು ತಟ್ಟಿಕೊಳ್ಳಲಿ ಬಿಡಿ, ಅಷ್ಟಕ್ಕೆ ಹಕ್ಕಿದೆ.

ಆದರೆ 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್‌ಗೆ ಖರ್ಚು ಕಡಿಮೆ ಮಾಡಬೇಕು ಅನಿಸಿತು. ಅಮೃತಮಹಲ್ ಮುಚ್ಚಿ, ದನಗಳನ್ನು ಮಾರಿಬಿಟ್ಟರು. ತೀರ್ಮಾನ ಆಗಿದ್ದು ಮದರಾಸಿನಲ್ಲಿ, ಚದುರಿ ಹೋಗಿದ್ದು ಸುಮಾರು ಇನ್ನೂರು ವರ್ಷದ ತಳಿ. ಆರೇಳು ವರ್ಷದಲ್ಲೇ ಸೈನ್ಯಕ್ಕೆ ಒಳ್ಳೆ ಎತ್ತು ಸಿಗದೆ ಮತ್ತೆ ಶುರು ಮಾಡಿದರು. ಅಲ್ಲಿ ಇಲ್ಲಿ ಉಳಿದಿದ್ದ ಹಸು ಹೋರಿಗಳನ್ನು ಹುಡುಕಿ ಕೂಡಿಸಿ ಸುಮಾರು ನಾಲ್ಕು ಸಾವಿರ ಹಸುಗಳ ಮಂದೆ ಕಟ್ಟಿದರು. 1882ರಲ್ಲಿ ಅದನ್ನು ಮತ್ತೆ ಮೈಸೂರು ಸರ್ಕಾರಕ್ಕೆ ವಹಿಸಿದರು. ಇವತ್ತು ಅಜ್ಜಂಪುರದಲ್ಲಿ ಕಾಣುವ ದನ ಆ ಮರುಜೋಡಣೆಯ ಸಂತಾನ.

ಇನ್ನು ದುಡ್ಡಿನ ಕಡೆ. ವರ್ಷವರ್ಷವೂ ಆ ರಕ್ಷಣಾ ಕಪ್ಪ ಎಲ್ಲಿಂದ ಬರಬೇಕು? ರೈತನಿಂದ. 1807ರಲ್ಲಿ ಇನ್ನೊಂದು ಒಪ್ಪಂದವಾಗಿ, ನಾಲ್ಕು ಸಾವಿರ ಕುದುರೆ ಸವಾರರನ್ನೂ ಮೈಸೂರು ತನ್ನ ಖರ್ಚಿನಲ್ಲಿ ಸದಾ ಸಿದ್ಧ ಇಡಬೇಕಾಯಿತು. 1830ರಲ್ಲಿ ನಗರದ ಕಡೆ ರೈತರು ಕಂದಾಯದ ವಿರುದ್ಧ ಎದ್ದರು. ತರೀಕೆರೆಯ ಪಾಳೆಯಗಾರ ಮನೆತನದ ರಂಗಪ್ಪ ನಾಯಕ ಅವರ ಜೊತೆ ಸೇರಿದ. ಆ ದಂಗೆಗೆ ಅಧಿಕಾರಿಗಳ ಲಂಚ, ಗುತ್ತಿಗೆ ಪದ್ಧತಿ, ಸ್ಥಳೀಯ ಜಗಳ ಎಲ್ಲವೂ ಕಾರಣ, ಕಪ್ಪವೊಂದೇ ಅಂತ ನಾನು ಹೇಳಲ್ಲ. ಆದರೆ 1831ರಲ್ಲಿ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ಕೈಗೆ ತಗೊಂಡಾಗ ಹಿಡಿದದ್ದು ಒಪ್ಪಂದದ ಯಾವ ಕಲಮನ್ನು ಗೊತ್ತಾ? ಕಪ್ಪ ಸಂದಾಯಕ್ಕೆ ತೊಂದರೆ ಆಗಬಹುದು ಅನಿಸಿದರೆ ಕಂಪನಿ ಆಡಳಿತ ವಹಿಸಿಕೊಳ್ಳಬಹುದು ಅನ್ನುವ ಕಲಮನ್ನು. ರಕ್ಷಣೆಯ ಬಿಲ್ ಕಟ್ಟೋದು ಅನುಮಾನ ಅಂತ ಐವತ್ತು ವರ್ಷ ಮನೆಯ ಬೀಗದ ಕೈ ಹೋಯಿತು.

1881ರಲ್ಲಿ ರಾಜ್ಯ ವಾಪಸ್ ಬಂತು, ಹೊಸ ಷರತ್ತುಗಳ ಜೊತೆ. ಕಪ್ಪ 35 ಲಕ್ಷಕ್ಕೆ ಏರಿತು. ನಮ್ಮ ವಿಷಯಕ್ಕೆ ಮುಖ್ಯವಾದ ಷರತ್ತು ಇನ್ನೊಂದಿದೆ. ಅನುಮತಿ ಇಲ್ಲದೆ ಹೊಸ ಕೋಟೆ ಕಟ್ಟುವಂತಿಲ್ಲ, ಹಳೆಯದನ್ನು ರಿಪೇರಿ ಮಾಡುವಂತಿಲ್ಲ. ಅನುಮತಿ ಇಲ್ಲದೆ ಆಯುಧ, ಮದ್ದುಗುಂಡು ತರಿಸುವಂತಿಲ್ಲ. ಮತ್ತು ಗವರ್ನರ್ ಜನರಲ್ ಹೇಳಿದರೆ, ಹೇಳಿದ ಕಡೆ, ಆಯುಧ ತಯಾರಿಕೆಯನ್ನು ಮಹಾರಾಜರು ನಿಷೇಧಿಸಬೇಕು. ಕಾಂಗ್ರೀವ್‌ಗೆ ರಾಕೆಟ್ ಕಲಿಸಿದ ನಾಡು, ನೂರು ವರ್ಷ ತುಂಬುವುದರೊಳಗೆ ಗುಂಡು ಎರಕ ಹೊಯ್ಯಲೂ ಇನ್ನೊಬ್ಬರ ಮುಖ ನೋಡಬೇಕಾಯಿತು.

ಈ ಹಿನ್ನೆಲೆಯಲ್ಲಿ ನೋಡಿದರೆ ಭದ್ರಾವತಿಯ ಕಥೆಯೂ ಸ್ವಲ್ಪ ಬೇರೆ ಥರ ಕಾಣುತ್ತೆ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ವಿಶ್ವೇಶ್ವರಯ್ಯನವರ ಹಟ. 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಕಬ್ಬಿಣ ಬಂತು. ಕಬ್ಬಿಣ ಮಾಡೋದಕ್ಕೆ ಅಡ್ಡಿಯಿರಲಿಲ್ಲ. ಅದರಿಂದ ಏನು ಮಾಡಬಹುದು ಅನ್ನೋದಕ್ಕೆ ಮಾತ್ರ ಮಿತಿ ಇತ್ತು.

ಆ ಮಿತಿ ಸಡಿಲವಾಗಿದ್ದು ಎರಡನೇ ಮಹಾಯುದ್ಧದಲ್ಲಿ. ಈಗ ಬೆಂಗಳೂರಿನ ವಿಷಯಕ್ಕೆ ಬರೋಣ. ಉದ್ಯಮಿ ವಾಲ್‌ಚಂದ್ ಹಿರಾಚಂದ್‌ಗೆ ವಿಮಾನ ಕಾರ್ಖಾನೆ ಹಾಕುವ ಆಸೆ. ಅಮೆರಿಕದ ವಿಲಿಯಂ ಪಾಲಿ ಜೊತೆಗಿದ್ದ. ಜಾಗ ಹುಡುಕುತ್ತಿದ್ದಾಗ ಕೈ ಹಿಡಿದವರು ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್. ಮೈಸೂರು ಸರ್ಕಾರ 25 ಲಕ್ಷ ರೂಪಾಯಿ ಬಂಡವಾಳ ಹಾಕಿತು, 700 ಎಕರೆ ಜಮೀನು ಕೊಟ್ಟಿತು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಅದೇ ಇವತ್ತಿನ ಎಚ್‌ಎಎಲ್. 1941ರ ಜುಲೈನಲ್ಲಿ ಹಾರ್ಲೋ ತರಬೇತಿ ವಿಮಾನ ಜೋಡಿಸಿ ಹಾರಿಸಿದರು. ಯೋಚನೆ ಮಾಡಿ, ಶುರುವಾಗಿ ಏಳೆಂಟು ತಿಂಗಳಿಗೆ.

ಆಮೇಲೆ ಜಪಾನ್ ಯುದ್ಧಕ್ಕೆ ಇಳಿಯಿತು, ಸಿಂಗಪುರ, ಬರ್ಮಾ ಬಿದ್ದವು. ಮಿತ್ರಪಕ್ಷಗಳ ದೃಷ್ಟಿಯಲ್ಲಿ ಬೆಂಗಳೂರಿನಲ್ಲಿ ಹೊಸ ವಿಮಾನ ಮಾಡೋದಕ್ಕಿಂತ ಹಳೆಯ ವಿಮಾನ ರಿಪೇರಿ ಮಾಡೋದು ಹೆಚ್ಚು ಉಪಯೋಗಕರ ಅನಿಸಿತು. ಭಾರತ ಸರ್ಕಾರ 1942ರಲ್ಲಿ ವಾಲ್‌ಚಂದ್ ಪಾಲನ್ನು ಕೊಂಡುಕೊಂಡಿತು. ಮೈಸೂರು ಪಾಲು ಉಳಿಸಿಕೊಂಡಿತು, ಆದರೆ ಯುದ್ಧ ಮುಗಿಯುವವರೆಗೆ ನಿರ್ವಹಣೆಯಲ್ಲಿ ಕೈ ಹಾಕಬಾರದು. 1943ರಲ್ಲಿ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆಯ ಕೈಗೆ ಕೊಟ್ಟರು, ಅದು ಅವರ 84ನೇ ಏರ್ ಡಿಪೋ ಆಯಿತು. ವಿಮಾನ ತಯಾರಿಕೆ ನಿಂತಿತು, ರಿಪೇರಿ ಭರದಿಂದ ನಡೆಯಿತು.

ಇಲ್ಲಿ ಬರೀ ಅನ್ಯಾಯ ಅಂತ ಬರೆದು ಮುಗಿಸಿದರೆ ನಾನು ಸುಳ್ಳು ಹೇಳಿದ ಹಾಗೆ. ಆ ರಿಪೇರಿ ಕೆಲಸದಲ್ಲಿ ನಮ್ಮ ಸಾವಿರಾರು ಹುಡುಗರು ಎಂಜಿನ್ ಬಿಚ್ಚಿ ಜೋಡಿಸೋದು, ಅಳತೆ ಹಿಡಿಯೋದು, ಕೆಲಸದ ದಾಖಲೆ ಇಡೋದು ಕಲಿತರು. ಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೆ ರೈಲ್ವೆ ಬೋಗಿ ಮಾಡಿ ಹೊಟ್ಟೆ ಹೊರೆದುಕೊಂಡಿತು. 1951ರ ಆಗಸ್ಟ್‌ನಲ್ಲಿ ವಿ. ಎಂ. ಘಾಟಗೆ ಅವರ ತಂಡ ಇಲ್ಲೇ ವಿನ್ಯಾಸ ಮಾಡಿದ ಎಚ್‌ಟಿ-2 ಹಾರಿತು. ಒಪ್ಪಂದ ಕೆಲಸ ಕೊಡುತ್ತೆ, ಶಿಸ್ತು ಕೊಡುತ್ತೆ. ಏನು ಮಾಡಬೇಕು ಅಂತ ತೀರ್ಮಾನಿಸುವ ಕುರ್ಚಿಯನ್ನು ಮಾತ್ರ ಬಿಟ್ಟುಕೊಡಲ್ಲ. ಎಚ್‌ಟಿ-2 ಬಂದದ್ದು ಆ ಕುರ್ಚಿ ನಮ್ಮದಾದ ಮೇಲೆ.

ಈಗ ಕ್ಯಾಂಟೀನ್ ಪ್ರಶ್ನೆಗೆ ಬರ್ತೀನಿ. ನಾರ್ವೆ ಮೊದಲಿಂದಲೂ ನ್ಯಾಟೋ ಸದಸ್ಯ. ಅಲ್ಲಿನ ಕಾಂಗ್ಸ್‌ಬರ್ಗ್ ಕಂಪನಿ ಇಡೀ ಯುದ್ಧವಿಮಾನ ಮಾಡೋ ಗೋಜಿಗೆ ಹೋಗಲಿಲ್ಲ. ಕ್ಷಿಪಣಿ ಮಾಡಿತು. ಅದೂ ಎಫ್-35 ವಿಮಾನದ ಹೊಟ್ಟೆಯೊಳಗೆ ಸರಿಯಾಗಿ ಕೂರುವಂಥದ್ದು. ಗುಂಡಿನ ಅಳತೆ, ರೇಡಿಯೋ ಎಲ್ಲಕ್ಕೂ ಒಂದೇ ಮಾನದಂಡ ಇರೋದರಿಂದ ಚಿಕ್ಕ ದೇಶದ ಒಂದು ಒಳ್ಳೆ ಭಾಗಕ್ಕೆ ಮೂವತ್ತು ದೇಶಗಳಲ್ಲಿ ಗಿರಾಕಿ ಸಿಗುತ್ತೆ. ಇದು ಲಾಭದ ಮುಖ.

ಟರ್ಕಿಯೂ ನ್ಯಾಟೋ ಸದಸ್ಯ. ಅಲ್ಲಿನ ಕಂಪನಿಗಳು ಎಫ್-35ಕ್ಕೆ ಒಂಬೈನೂರಕ್ಕೂ ಹೆಚ್ಚು ಬಿಡಿಭಾಗ ಮಾಡುತ್ತಿದ್ದವು. ಟರ್ಕಿ ರಷ್ಯಾದಿಂದ ಎಸ್-400 ಕ್ಷಿಪಣಿ ವ್ಯವಸ್ಥೆ ತರಿಸಿತು. 2019ರ ಜುಲೈನಲ್ಲಿ ಅಮೆರಿಕ ಅದನ್ನು ಆ ಯೋಜನೆಯಿಂದಲೇ ಹೊರಗೆ ಹಾಕಿತು. ಸರಿ ತಪ್ಪು ಏನೇ ಇರಲಿ, ಬಿಡಿಭಾಗ ತಯಾರಿಸುತ್ತಿದ್ದ ಶಾಪಿನ ಮಾಲೀಕನನ್ನು ಯಾರೂ ಕೇಳಲಿಲ್ಲ.

ಸ್ವೀಡನ್ ದಶಕಗಳ ಕಾಲ ಯಾವ ಕೂಟಕ್ಕೂ ಸೇರದೆ ಸ್ವಂತ ಯುದ್ಧವಿಮಾನ ಮಾಡಿಕೊಂಡು ಬಂತು. ಆದರೆ ಅದರ ಗ್ರಿಪೆನ್ ವಿಮಾನದ ಎಂಜಿನ್ ಅಮೆರಿಕದ ಜಿಇ ಎಫ್404ರ ಮಾರ್ಪಾಡು. ಗ್ರಿಪೆನ್ ಮಾರಬೇಕಾದರೂ ವಾಷಿಂಗ್ಟನ್‌ನ ಒಪ್ಪಿಗೆ ಬೇಕು. ನಮ್ಮ ತೇಜಸ್‌ನಲ್ಲಿರೋದೂ ಅದೇ ವಂಶದ ಎಂಜಿನ್. 2021ರಲ್ಲಿ ಎಚ್‌ಎಎಲ್ 99 ಎಂಜಿನ್ನಿಗೆ ಆರ್ಡರ್ ಕೊಟ್ಟಿತು, ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಯಾವ ಸೇನಾಕೂಟದಲ್ಲೂ ಇಲ್ಲದ ದೊಡ್ಡ ದೇಶ ನಾವು. ಆದರೂ ವಿಮಾನದ ಮೈ ಸಿದ್ಧವಾಗಿ ಹೃದಯಕ್ಕೆ ಕಾಯಬೇಕಾಯಿತು. ಹಾಗಾಗಿ ಸದಸ್ಯತ್ವ ಇದೆಯೋ ಇಲ್ಲವೋ ಅನ್ನೋ ಪ್ರಶ್ನೆಗಿಂತ, ಇಡೀ ಸರಪಣಿಯಲ್ಲಿ ನಿಮ್ಮ ಕೊಂಡಿ ಯಾವುದು, ಅದನ್ನು ಬಿಟ್ಟು ಬೇರೆಯವರು ಮುಂದೆ ಹೋಗಬಲ್ಲರೋ ಅನ್ನೋದು ನನಗೆ ಸರಿಯಾದ ಪ್ರಶ್ನೆ ಅನಿಸುತ್ತೆ.

ಇದೆಲ್ಲ ನನಗೆ ಬರೀ ಓದಿನ ವಿಷಯವಾಗಿ ಉಳಿದಿಲ್ಲ. ನನ್ನ ಚಿಕ್ಕಪ್ಪನ ಮಗ ತರೀಕೆರೆಯಲ್ಲಿ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಸಣ್ಣ ಮಷೀನ್ ಶಾಪಿನಲ್ಲಿ ಒಂಬತ್ತು ವರ್ಷದಿಂದ ಇದ್ದಾನೆ. ಸಿಎನ್‌ಸಿ ಯಂತ್ರದ ಮೇಲೆ ವಿಮಾನದ ಬಿಡಿಭಾಗ ಕಡೆಯೋ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಭಾಗ ರಿಜೆಕ್ಟ್. ಕೈಕೆಲಸದಲ್ಲಿ ಅವನನ್ನು ಮೀರಿಸೋರು ಕಡಿಮೆ, ಇದನ್ನು ಅಣ್ಣನ ಪ್ರೀತಿಯಿಂದ ಹೇಳ್ತಿಲ್ಲ. ಅವನಿಗೀಗ ಊರಿಗೆ ವಾಪಸ್ ಬಂದು ಬೀರೂರಿನ ಹತ್ತಿರ ಸ್ವಂತ ಶಾಪ್ ಹಾಕುವ ಆಸೆ. ಯಂತ್ರ ಒಂದಕ್ಕೇ ಲಕ್ಷಗಟ್ಟಲೆ ಸಾಲ. ಮನೆ ಪತ್ರ ಅಡ ಇಡಬೇಕು.

"ಅಣ್ಣ, ಒಂದೇ ಪಾರ್ಟಿ ಕೈಲಿ ಐದು ವರ್ಷಕ್ಕೆ ಆರ್ಡರ್ ಮಾತಾಡಿದೀನಿ. ಲೋನ್ ತಗೊಳ್ಳೋದಾ ಬೇಡ್ವಾ ಹೇಳು" ಅಂತ ಕೇಳಿದ.

"ಆ ಪಾರ್ಟಿ ಯಾರಿಗೆ ಕೊಡುತ್ತೆ?" ಅಂದೆ.

"ಅವರು ಅವರ ಮೇಲಿನವರಿಗೆ. ಮೇಲಿನವರು ಫಾರಿನ್‌ಗೆ."

"ಫಾರಿನ್ನಿನವರು ನಿಲ್ಲಿಸಿದ್ರೆ?"

"ಹೋದ್ಸಲ ನಿಲ್ಸಿದ್ರಲ್ಲ ಅಣ್ಣ. ನಾಲ್ಕು ತಿಂಗಳು ಯಂತ್ರ ಒರೆಸ್ಕೊಂಡು ಕೂತಿದ್ವಿ. ಯಾಕೆ ಅಂತ ಯಾರೂ ಹೇಳ್ಲಿಲ್ಲ."

ನಾನು ಅವನಿಗೆ ಬೇಡ ಅನ್ನಲಿಲ್ಲ. ಸಾಲ ತಗೊಳ್ಳೋ ಮುಂಚೆ ಅದೇ ಯಂತ್ರದಲ್ಲಿ ಮಾಡಬಹುದಾದ, ವಿಮಾನಕ್ಕೆ ಸಂಬಂಧವೇ ಇಲ್ಲದ ಇನ್ನೆರಡು ಕೆಲಸ ಹುಡುಕು ಅಂದೆ. ನಮ್ಮ ಕಡೆ ತೆಂಗು ಅಡಿಕೆಗೆ ಏನು ಕಡಿಮೆ? ಅಡಿಕೆ ಸುಲಿಯೋ ಯಂತ್ರದ ಬಿಡಿಭಾಗ, ಕೊಳವೆಬಾವಿಯ ಪಂಪಿನ ಶಾಫ್ಟು. ಅವನಿಗೆ ಸ್ವಲ್ಪ ಬೇಸರ ಆಯ್ತು. "ಏರೋಸ್ಪೇಸ್ ಮಾಡ್ದೋನು ಪಂಪ್ ಶಾಫ್ಟ್ ಮಾಡ್ಬೇಕಾ?" ಅಂದ. ವಿಮಾನ ಮಾಡಿದ ಕಾರ್ಖಾನೆ ರೈಲ್ವೆ ಬೋಗಿ ಮಾಡಿದ ಕಥೆ ಹೇಳಿದೆ. ನಕ್ಕ, ಒಪ್ಪಿದ ಹಾಗೆ ಕಾಣಲಿಲ್ಲ. ಬ್ಯಾಂಕಿನ ಫಾರಂ ಇನ್ನೂ ಅವನ ಬ್ಯಾಗಿನಲ್ಲೇ ಇದೆ.

ಇನ್ನು ಕಾವಲುಗಳ ಮಾತು. ಸೈನ್ಯಕ್ಕೆ ಟ್ರಕ್ ಬಂದ ಮೇಲೆ ಎತ್ತು ಬೇಕಾಗಲಿಲ್ಲ. ಎತ್ತು ಬೇಡವಾದ ಮೇಲೆ ಕಾವಲು 'ಖಾಲಿ ಜಾಗ' ಆಯಿತು. ನೀಲಗಿರಿ ನೆಟ್ಟರು, ಒತ್ತುವರಿ ಮಾಡಿದರು, ನಿವೇಶನ ಮಾಡಿದರು. ಅತಿ ದೊಡ್ಡ ಬದಲಾವಣೆ ಆಗಿದ್ದು ಚಳ್ಳಕೆರೆಯಲ್ಲಿ. ಅಲ್ಲಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಯನ್ನು ಡಿಆರ್‌ಡಿಓ, ಇಸ್ರೋ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ಡಿಆರ್‌ಡಿಓಗೆ ಹೋಗಿದ್ದೇ ಸುಮಾರು ನಾಲ್ಕು ಸಾವಿರ ಎಕರೆ. ಕುರಿ ದನ ಮೇಯಿಸುತ್ತಿದ್ದ ಹಳ್ಳಿಯವರು ಬೇಲಿ ಎದ್ದಾಗ ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಗೂ ಹೋಯಿತು. 2016ರ ನವೆಂಬರ್‌ನಲ್ಲಿ ಅಲ್ಲಿಂದ ರುಸ್ತುಂ-2 ಡ್ರೋನ್ ಮೊದಲ ಸಲ ಹಾರಿತು. ಹೈದರನ ಕಾಲದ ಸೇನಾ ಮೇವಿನ ನೆಲದ ಮೇಲೆ ಇವತ್ತು ಸೇನೆಯ ಡ್ರೋನಿನ ರನ್‌ವೇ. ದೇಶಕ್ಕೆ ಸ್ವಂತ ಡ್ರೋನ್ ಬೇಕು, ಇಲ್ಲವೆಂದರೆ ಮತ್ತೆ ಇನ್ನೊಬ್ಬರ ಎಂಜಿನ್ನಿಗೆ ಕಾಯೋದೇ ಗತಿ. ಆದರೆ ಬೇಲಿಯ ಈಚೆ ನಿಂತ ಕುರಿಗಾಹಿಯನ್ನು ಮುಂಚಿತವಾಗಿ ಕೂರಿಸಿ ಮಾತಾಡಿಸಬಹುದಿತ್ತು ಅನ್ನೋದೂ ಅಷ್ಟೇ ನಿಜ. ಎರಡೂ ಮಾತನ್ನು ಒಟ್ಟಿಗೆ ಹೇಳಿದರೆ ನಮ್ಮ ಕ್ಯಾಂಟೀನಿನಲ್ಲಿ ಯಾರಿಗೂ ಖುಷಿಯಾಗಲ್ಲ.

ಅಜ್ಜಂಪುರದಲ್ಲಿ ವರ್ಷಕ್ಕೊಮ್ಮೆ ಅಮೃತಮಹಲ್ ಹೋರಿಕರುಗಳ ಹರಾಜು ನಡೆಯುತ್ತೆ. ನಮ್ಮ ದೊಡ್ಡಪ್ಪನಿಗೆ ಅದೊಂದು ಹಬ್ಬ. ಕೊಳ್ಳೋದು ಕಡಿಮೆ, ನೋಡೋದು ಜಾಸ್ತಿ. ಒಂದು ವರ್ಷ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬೇರೆ ಬೇರೆ ಜಿಲ್ಲೆಗಳಿಂದ ರೈತರು ಬಂದಿದ್ದರು. ಹುಟ್ಟಿದಾಗಿನಿಂದ ಕಾವಲಿನಲ್ಲಿ ಬಯಲಾಗಿ ಬೆಳೆದ ಕರುಗಳಾದ್ದರಿಂದ ಮೂಗುದಾರ, ಹಗ್ಗ ಯಾವುದೂ ಗೊತ್ತಿಲ್ಲ. ಕೂಗು ಮುಗಿದ ಮೇಲೆ ಅವನ್ನು ಹಿಡಿದು ಗಾಡಿಗೆ ಹತ್ತಿಸೋದೇ ಒಂದು ಯುದ್ಧ. ಆರೇಳು ಜನ ಗಂಡಸರು ಒಂದು ಕರುವಿನ ಹಿಂದೆ ಬಿದ್ದಿದ್ದರು.

"ಈಗ ಉಳುಮೆಗೆ ಟ್ರಾಕ್ಟರ್ ಇದೆಯಲ್ಲ ದೊಡ್ಡಪ್ಪ, ಇಷ್ಟು ದುಡ್ಡು ಕೊಟ್ಟು ಯಾಕೆ ತಗೊಳ್ತಾರೆ?" ಅಂತ ಕೇಳಿದೆ.

"ಓಡ್ತವೆ ಕಣೋ" ಅಂದರು. "ಇವು ಓಡ್ದಂಗೆ ಬೇರೆವು ಓಡಲ್ಲ."

ಅಷ್ಟರಲ್ಲಿ ಒಂದು ಕರು ಹಗ್ಗ ಹರಿದುಕೊಂಡು ಜನರ ನಡುವೆ ನುಗ್ಗಿತು. ಎಲ್ಲರೂ ಚೆಲ್ಲಾಪಿಲ್ಲಿ ಓಡಿದೆವು. ದೊಡ್ಡಪ್ಪ ಮಾತ್ರ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಲ್ಲೇ ನಿಂತು, ಅದು ಯಾವ ಕಡೆ ಹೋಗುತ್ತೆ ಅಂತ ನೋಡುತ್ತಿದ್ದರು.